ಕೆಲಸದಿಂದ ತೆಗೆಯುವ ಮುನ್ನ: ಮಾಲೀಕರು ಪದೇ ಪದೇ ಕೇಳುವ ಪ್ರಶ್ನೆಗಳು

ಪೀಣ್ಯ, ಬೊಮ್ಮಸಂದ್ರದ ಸಣ್ಣ ಕಾರ್ಖಾನೆಗಳಿಗೆ ಮತ್ತು ಒಂದಷ್ಟು ಅಂಗಡಿ ಮಳಿಗೆಗಳಿಗೆ ವಿಚಾರಣಾಧಿಕಾರಿಯಾಗಿ ವರ್ಷಗಟ್ಟಲೆ ಹೋಗಿಬಂದವನು ನಾನು. ಮಾಲೀಕರು ಫೋನಿನಲ್ಲಿ, ಪತ್ರದಲ್ಲಿ, ಕೆಲವೊಮ್ಮೆ ಮದುವೆ ಮನೆಯ ಊಟದ ಪಂಕ್ತಿಯಲ್ಲಿ ಕೇಳುವ ಪ್ರಶ್ನೆಗಳು ಹೆಚ್ಚು ಕಡಿಮೆ ಇವೇ. ಕೇಳಿದವರ ಮಾತನ್ನೇ ತಲೆಬರಹ ಮಾಡಿದ್ದೇನೆ. ಇದು ಖಾಸಗಿ ಸಂಸ್ಥೆಗಳಿಗೆ ಸಂಬಂಧಿಸಿದ ಮಾತು. ಸರ್ಕಾರಿ ನೌಕರರ ನಿಯಮಗಳು ಬೇರೆ.

## ಮೊದಲು ತಿಳಿಯಬೇಕಾದದ್ದು

ನನ್ನ ಅಂಗಡಿ, ನನ್ನ ದುಡ್ಡು. ‘ನಾಳೆಯಿಂದ ಬರಬೇಡ’ ಎಂದರೆ ಮುಗಿಯಿತಲ್ಲವೇ?

ಮುಗಿಯುವುದಿಲ್ಲ. ಅಂಗಡಿ, ಕಚೇರಿಗಳಿಗೆ ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆ, 1961 ಇದೆ. ಅದರ 39ನೇ ಕಲಮಿನ ಪ್ರಕಾರ ಆರು ತಿಂಗಳು ಸತತವಾಗಿ ದುಡಿದವರನ್ನು ಸಕಾರಣವಿಲ್ಲದೆ, ಒಂದು ತಿಂಗಳ ನೋಟಿಸನ್ನೋ ಅದರ ಬದಲಿಗೆ ವೇತನವನ್ನೋ ಕೊಡದೆ ತೆಗೆಯುವಂತಿಲ್ಲ. ದುರ್ನಡತೆಗಾಗಿ ತೆಗೆಯುವುದಾದರೆ ನೋಟಿಸ್ ಬೇಕಿಲ್ಲ. ಆದರೆ ಆಗ ವಿಚಾರಣೆ ನಡೆದಿರಬೇಕು, ಅದರಲ್ಲಿ ತೃಪ್ತಿಕರವಾದ ಸಾಕ್ಷ್ಯ ದಾಖಲಾಗಿರಬೇಕು.

ಕಾರ್ಖಾನೆಯ ಕಾರ್ಮಿಕರಿಗೆ 1947ರ ಕೈಗಾರಿಕಾ ವಿವಾದಗಳ ಕಾಯಿದೆ ಇತ್ತು. 2025ರ ನವೆಂಬರ್ 21ರಿಂದ ಅದರ ಜಾಗಕ್ಕೆ ಕೈಗಾರಿಕಾ ಸಂಬಂಧಗಳ ಸಂಹಿತೆ, 2020 ಬಂದಿದೆ. ಕಾಯಿದೆಯ ಹೆಸರು ಬದಲಾದರೂ ನ್ಯಾಯಾಲಯಗಳು ದಶಕಗಳಿಂದ ಹೇಳಿಕೊಂಡು ಬಂದಿರುವ ಮಾತು ಹಾಗೆಯೇ ಉಳಿದಿದೆ: ಒಬ್ಬರ ಹೊಟ್ಟೆಯ ಮೇಲೆ ಹೊಡೆಯುವ ಮುನ್ನ ಅವರ ಮಾತು ಕೇಳಬೇಕು.

ಅವನ ಹುದ್ದೆಯ ಹೆಸರೇ ಮ್ಯಾನೇಜರ್. ಅವನಿಗೂ ಈ ಕಾಯಿದೆಯೇ?

ಭೇಟಿ ಚೀಟಿಯ ಮೇಲೆ ಏನು ಮುದ್ರಿಸಿದ್ದೀರಿ ಎಂಬುದನ್ನು ನ್ಯಾಯಾಲಯ ನೋಡುವುದಿಲ್ಲ, ದಿನವಿಡೀ ಏನು ಮಾಡುತ್ತಾರೆ ಎಂಬುದನ್ನು ನೋಡುತ್ತದೆ. ರಜೆ ಮಂಜೂರು ಮಾಡುವ, ಕೆಲಸಕ್ಕೆ ಸೇರಿಸುವ, ಶಿಸ್ತುಕ್ರಮ ಕೈಗೊಳ್ಳುವ ಅಧಿಕಾರವಿಲ್ಲದ ‘ಮ್ಯಾನೇಜರ್’ಗಳು ಬೆಂಗಳೂರಿನಲ್ಲಿ ಬೀದಿಗೊಬ್ಬರಿದ್ದಾರೆ. ನಿಜವಾಗಿ ಆಡಳಿತ ನಡೆಸುವವರು ‘ಕಾರ್ಮಿಕ’ರ ವ್ಯಾಖ್ಯೆಯಿಂದ ಹೊರಗೆ. ಬರೀ ಮೇಲ್ವಿಚಾರಣೆ ಮಾಡುವವರು ಹೊಸ ಸಂಹಿತೆಯಲ್ಲಿ ತಿಂಗಳಿಗೆ 18,000 ರೂಪಾಯಿಗಿಂತ ಹೆಚ್ಚು ವೇತನ ಪಡೆಯುತ್ತಿದ್ದರೆ ಮಾತ್ರ ಹೊರಗೆ. ಹೊರಗಿದ್ದವರಿಗೂ ನೇಮಕಾತಿ ಪತ್ರದ ಷರತ್ತುಗಳ ಬಲವಿರುತ್ತದೆ.

ದುರ್ನಡತೆ ಎಂದರೆ ಯಾವುದು? ಕೆಲಸ ಬಾರದಿರುವುದೂ ದುರ್ನಡತೆಯೇ?

ಅಲ್ಲ. ಲೇತ್ ಯಂತ್ರದಲ್ಲಿ ಒಬ್ಬ ತಿರುಗಿಸಿದ ಹತ್ತು ಪೀಸುಗಳಲ್ಲಿ ನಾಲ್ಕು ರಿಜೆಕ್ಟ್ ಆಗುತ್ತಿವೆ ಎನ್ನೋಣ. ಅವನಿಗೆ ಡ್ರಾಯಿಂಗ್ ಓದಲು ಬರದಿದ್ದರೆ ಅದು ತರಬೇತಿಯ ಪ್ರಶ್ನೆ. ಬಂದರೂ ಬೇಕೆಂದೇ ಕೆಡಿಸುತ್ತಿದ್ದರೆ ದುರ್ನಡತೆ. ಎರಡನ್ನೂ ಒಂದೇ ಆರೋಪಪಟ್ಟಿಗೆ ತುರುಕಿದರೆ ಎರಡೂ ಬಿದ್ದುಹೋಗುತ್ತವೆ.

ಕಳವು, ವಂಚನೆ, ಮೇಲಿನವರ ನ್ಯಾಯಬದ್ಧ ಆದೇಶವನ್ನು ಉದ್ದೇಶಪೂರ್ವಕವಾಗಿ ಧಿಕ್ಕರಿಸುವುದು, ಲಂಚ, ಪದೇ ಪದೇ ಗೈರು, ಕೆಲಸದ ಜಾಗದಲ್ಲಿ ಹೊಡೆದಾಟ, ಇವೆಲ್ಲ ಮಾದರಿ ಸ್ಥಾಯಿ ಆದೇಶಗಳಲ್ಲಿ, ಅಂದರೆ ಕೆಲಸದ ಷರತ್ತು ಮತ್ತು ಶಿಸ್ತಿನ ಲಿಖಿತ ನಿಯಮಗಳಿಗೆ ಸರ್ಕಾರ ಕೊಟ್ಟ ಮಾದರಿಯಲ್ಲಿ, ಹಿಂದಿನಿಂದಲೂ ಇರುವ ಪಟ್ಟಿ. ಸ್ಥಾಯಿ ಆದೇಶಗಳಿರುವ ಸಂಸ್ಥೆಯಲ್ಲಿ ಪಟ್ಟಿಯ ಹೊರಗಿನ ನಡತೆಗೆ ಶಿಕ್ಷೆ ಕೊಡುವಂತಿಲ್ಲ ಎಂದು ಗ್ಲ್ಯಾಕ್ಸೊ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1983ರಲ್ಲೇ ಹೇಳಿದೆ. ಸ್ಥಾಯಿ ಆದೇಶಗಳು ಈಗ ಕಡ್ಡಾಯವಾಗಿರುವುದು 300 ಅಥವಾ ಹೆಚ್ಚು ಕಾರ್ಮಿಕರಿರುವ ಸಂಸ್ಥೆಗಳಿಗೆ. ಮೂವತ್ತೇ ಜನರಿದ್ದರೂ ಎರಡು ಪುಟದ ನಿಯಮಾವಳಿಯನ್ನು ಕನ್ನಡದಲ್ಲಿ ಬರೆದು ಗೋಡೆಗೆ ಹಾಕಿ, ಸಹಿ ಪಡೆದುಕೊಳ್ಳಿ ಎಂಬುದು ನನ್ನ ಸಲಹೆ.

ಎಷ್ಟೋ ಸಲ ಬೈದಿದ್ದೇನೆ. ಅದು ಎಚ್ಚರಿಕೆ ಎಂದು ಲೆಕ್ಕಕ್ಕೆ ಬರುವುದಿಲ್ಲವೇ?

ಬರವಣಿಗೆಯಲ್ಲಿ ಇಲ್ಲದ್ದು ನಡೆದೇ ಇಲ್ಲ ಎಂದಿಟ್ಟುಕೊಳ್ಳಿ. ನಾಲ್ಕು ಸಾಲಿನ ಪತ್ರ, ದಿನಾಂಕ, ಸ್ವೀಕರಿಸಿದ ಸಹಿ ಇದ್ದರೆ ಸಾಕು. ಇನ್ನೊಂದು ಮಾತು: ಒಂದು ತಪ್ಪಿಗೆ ಲಿಖಿತ ಎಚ್ಚರಿಕೆ ಕೊಟ್ಟು ಮುಗಿಸಿದ ಮೇಲೆ, ಮುಂದಿನ ತಿಂಗಳು ಸಿಟ್ಟು ಬಂದಾಗ ಅದೇ ತಪ್ಪಿಗೆ ವಜಾ ಮಾಡಲಾಗದು. ಹೊಸ ತಪ್ಪಿನ ಶಿಕ್ಷೆ ನಿರ್ಧರಿಸುವಾಗ ಹಳೆಯ ದಾಖಲೆಯಾಗಿ ಮಾತ್ರ ಅದನ್ನು ನೋಡಬಹುದು.

## ಅಮಾನತು, ಆರೋಪಪಟ್ಟಿ

ಕಣ್ಣಾರೆ ಕಂಡಿದ್ದೇನೆ, ಸಿಸಿಟಿವಿಯಲ್ಲೂ ಇದೆ. ಇನ್ನು ವಿಚಾರಣೆ ಏಕೆ?

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದವರು ಕಾರ್ಮಿಕ ಕಾನೂನು ಓದಿದವರಲ್ಲ, ಆದರೂ ಸರಿಯಾಗಿಯೇ ಹೇಳಿದ್ದಾರೆ. ಒಂದು ಕಾರ್ಖಾನೆಯಲ್ಲಿ ರಾತ್ರಿ ಪಾಳಿಯವನೊಬ್ಬ ತಾಮ್ರದ ತಂತಿಯ ಚೀಲ ಹೊತ್ತು ಹಿಂಬಾಗಿಲಿನಿಂದ ಹೋಗುವುದು ಕ್ಯಾಮೆರಾದಲ್ಲಿ ಚೊಕ್ಕವಾಗಿ ಸೆರೆಯಾಗಿತ್ತು. ಮಾಲೀಕರು ವಜಾ ಪತ್ರವನ್ನು ಬೆರಳಚ್ಚು ಮಾಡಿಸಿಯೇ ಇಟ್ಟಿದ್ದರು. ಕಾವಲುಗಾರನ ಗೇಟ್ ಪುಸ್ತಕ ತರಿಸಿ ನೋಡಿದೆ. ಅದೇ ರಾತ್ರಿ, ಅದೇ ಹೊತ್ತಿಗೆ, ಗುಜರಿಯನ್ನು ತೂಕಕ್ಕೆ ಒಯ್ಯಲು ಪಾಳಿಯ ಮೇಲ್ವಿಚಾರಕರೇ ಬರೆದುಕೊಟ್ಟ ಚೀಟಿ ಪಿನ್ನಿನಲ್ಲಿ ಚುಚ್ಚಿಕೊಂಡಿತ್ತು. ಕ್ಯಾಮೆರಾ ಚೀಲವನ್ನು ನೋಡಿತ್ತು, ಚೀಟಿಯನ್ನು ನೋಡಿರಲಿಲ್ಲ.

ಘಟನೆಯ ಮೊದಲ ಎರಡು ಮೂರು ದಿನ ಬಹಳ ಮುಖ್ಯ. ಬಹಳಷ್ಟು ಕ್ಯಾಮೆರಾ ವ್ಯವಸ್ಥೆಗಳಲ್ಲಿ ಕೆಲವೇ ವಾರಗಳಲ್ಲಿ ಹಳೆಯದರ ಮೇಲೆ ಹೊಸದು ಬರೆದುಕೊಳ್ಳುತ್ತದೆ, ಹಾಗಾಗಿ ದೃಶ್ಯವನ್ನು ಆ ದಿನವೇ ಪ್ರತಿ ಮಾಡಿಸಿ. ಯಾರು, ಯಾವಾಗ, ಯಾವ ಯಂತ್ರದಿಂದ ತೆಗೆದರು ಎಂದು ಬರೆದಿಡಿ. ಪ್ರಕರಣ ಮುಂದೆ ನ್ಯಾಯಾಲಯಕ್ಕೆ ಹೋದರೆ ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ 63ನೇ ಕಲಮಿನ ಪ್ರಮಾಣಪತ್ರ ಕೇಳುತ್ತಾರೆ. ಕಂಡವರಿಂದ ಅವರದೇ ಮಾತಿನಲ್ಲಿ, ಅವರದೇ ಕೈಬರಹದಲ್ಲಿ ಹೇಳಿಕೆ ಬರೆಸಿಕೊಳ್ಳಿ. ಐದು ಜನರ ಹೇಳಿಕೆಗಳು ಅಕ್ಷರಕ್ಕೆ ಅಕ್ಷರ ಒಂದೇ ಆಗಿದ್ದರೆ ಅದು ನಿಮಗೇ ತಿರುಗುಬಾಣ.

ಅಮಾನತು ಮಾಡಿದ್ದೇನೆ. ಮನೆಯಲ್ಲಿ ಕೂತವನಿಗೆ ಏಕೆ ದುಡ್ಡು ಕೊಡಬೇಕು?

ಏಕೆಂದರೆ ಅಮಾನತು ಶಿಕ್ಷೆಯಲ್ಲ. ಆತ ಇನ್ನೂ ನಿಮ್ಮ ನೌಕರ, ಬೇರೆಡೆ ದುಡಿಯಲು ಹೋಗುವಂತಿಲ್ಲ. ಸಾಕ್ಷಿಗಳನ್ನು ಹೆದರಿಸುವ, ದಾಖಲೆ ತಿದ್ದುವ ಅಪಾಯವಿದ್ದರೆ ಮಾತ್ರ ಅಮಾನತು ಮಾಡಿ. ಸಂಹಿತೆಯ ಪ್ರಕಾರ ಮೊದಲ 90 ದಿನ ವೇತನದ ಶೇ 50ರಷ್ಟು ಜೀವನಾಧಾರ ಭತ್ಯೆ ಕೊಡಬೇಕು. ವಿಳಂಬಕ್ಕೆ ನೌಕರ ಕಾರಣನಲ್ಲದಿದ್ದರೆ ಆಮೇಲೆ ಶೇ 75. ವಿಚಾರಣೆಯೂ ಸಾಮಾನ್ಯವಾಗಿ ಆ 90 ದಿನಗಳೊಳಗೆ ಮುಗಿಯಬೇಕು.

ಈ ಭತ್ಯೆಯನ್ನು ಹಗುರವಾಗಿ ತೆಗೆದುಕೊಂಡವರಿಗೆ ನಾನು ನಮ್ಮ ಕೋಲಾರ ಚಿನ್ನದ ಗಣಿಯ ಕಥೆ ಹೇಳುತ್ತೇನೆ. 1985ರ ಜೂನ್‌ನಲ್ಲಿ ಭಾರತ್ ಗೋಲ್ಡ್ ಮೈನ್ಸ್‌ನ ಭದ್ರತಾ ಅಧಿಕಾರಿಯೊಬ್ಬರ ಮನೆಯ ಮೇಲೆ ಪೊಲೀಸ್ ದಾಳಿ ನಡೆಯಿತು. 4.5 ಗ್ರಾಂ ತೂಕದ ಚಿನ್ನದ ಉಂಡೆ, 1,276 ಗ್ರಾಂ ಚಿನ್ನ ಬೆರೆತ ಮರಳು ಸಿಕ್ಕಿತೆಂಬುದು ಆರೋಪ. ಕಾವಲಿಗೆ ಇದ್ದವರ ಮೇಲೇ ಇಂಥ ಆರೋಪ, ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. ಅವರನ್ನು ಅಮಾನತು ಮಾಡಿದರು, ಜೀವನಾಧಾರ ಭತ್ಯೆ ಕೊಡಲಿಲ್ಲ. ಕೈಯಲ್ಲಿ ಕಾಸಿಲ್ಲದೆ ಅವರು ವಿಚಾರಣೆಗೆ ಬರಲಾಗಲಿಲ್ಲ. ವಿಚಾರಣೆ ಏಕಪಕ್ಷೀಯವಾಗಿ ಮುಗಿದು 1986ರಲ್ಲಿ ವಜಾ ಆದರು. ಮರುವರ್ಷ ಅದೇ ದಾಳಿಯ ಮೊಕದ್ದಮೆಯಲ್ಲಿ ಅವರು ಖುಲಾಸೆಯಾದರು. 1999ರಲ್ಲಿ ಸುಪ್ರೀಂ ಕೋರ್ಟ್ ಆ ಏಕಪಕ್ಷೀಯ ವಿಚಾರಣೆ ನಿಲ್ಲದು ಎಂದು ಹೇಳಿ, ಅಮಾನತಿನ ದಿನದಿಂದ ಬಾಕಿ ವೇತನದೊಂದಿಗೆ ಮರಳಿ ಕೆಲಸಕ್ಕೆ ತೆಗೆದುಕೊಳ್ಳಿ ಎಂದಿತು. ಒಂದು ವರ್ಷದ ಭತ್ಯೆ ಉಳಿಸಲು ಹೋಗಿ ಹದಿನಾಲ್ಕು ವರ್ಷದ ಸಂಬಳದ ಲೆಕ್ಕ ಕೊರಳಿಗೆ ಬಿತ್ತು.

ಆರೋಪಪಟ್ಟಿ ಬರೆಯಲು ಕೂತರೆ ಕೈ ಓಡುವುದಿಲ್ಲ. ಒಂದು ಮಾದರಿ ಹೇಳಿ.

ನನ್ನ ಕೈಗೆ ಬರುವ ಹತ್ತರಲ್ಲಿ ಎಂಟು ಪಟ್ಟಿಗಳು ಹೀಗಿರುತ್ತವೆ: ‘ನೀವು ಮೇಲಧಿಕಾರಿಗಳೊಂದಿಗೆ ಉದ್ಧಟತನದಿಂದ ವರ್ತಿಸಿ ಸಂಸ್ಥೆಯ ಶಿಸ್ತಿಗೆ ಧಕ್ಕೆ ತಂದಿರುತ್ತೀರಿ.’ ಇದಕ್ಕೆ ಯಾರಾದರೂ ಏನೆಂದು ಉತ್ತರ ಬರೆದಾರು? ಹೀಗೆ ಬರೆಯಿರಿ: ‘ದಿನಾಂಕ ಇಂಥದ್ದರಂದು ಎರಡನೇ ಪಾಳಿಯಲ್ಲಿ, ಸಂಜೆ ಸುಮಾರು 6.15ಕ್ಕೆ, ಪ್ರೆಸ್ ವಿಭಾಗದ 4ನೇ ಯಂತ್ರದ ಬಳಿ, ಗಾರ್ಡ್ ಹಾಕಿಕೊಂಡು ಕೆಲಸ ಮಾಡಿ ಎಂದ ಮೇಲ್ವಿಚಾರಕರನ್ನು ಬೈದು, ಕೈಯಲ್ಲಿದ್ದ ಸ್ಪ್ಯಾನರನ್ನು ಅವರ ಕಡೆಗೆ ಎಸೆದಿರಿ.’ ಬೈದ ಮಾತುಗಳನ್ನು ಆಡಿದ ಹಾಗೆಯೇ ಬರೆಯಬೇಕು. ‘ಅವಾಚ್ಯ ಶಬ್ದಗಳಿಂದ’ ಎಂದು ಮಡಿಬಟ್ಟೆ ಹೊದಿಸಿದರೆ ಆರೋಪವೇ ಅಸ್ಪಷ್ಟವಾಗುತ್ತದೆ. ಬೆರಳಚ್ಚು ಮಾಡುವ ಹುಡುಗಿಗೆ ಮುಜುಗರವಾದರೆ ನೀವೇ ಕೈಯಲ್ಲಿ ಬರೆಯಿರಿ.

‘ತಪ್ಪು ಮಾಡಿದ್ದೀರಿ ಎಂದು ನಮಗೆ ಖಚಿತವಾಗಿದೆ, ಏಕೆ ವಜಾ ಮಾಡಬಾರದು?’ ಎಂದು ಪಟ್ಟಿಯಲ್ಲೇ ಕೇಳಬೇಡಿ, ತೀರ್ಪು ಮೊದಲೇ ಬರೆದಿಟ್ಟಂತಾಗುತ್ತದೆ. ನೌಕರನಿಗೆ ಓದಲು ಬರುವ ಭಾಷೆಯಲ್ಲಿ ಕೊಡಿ. ಉತ್ತರಿಸಲು ಒಂದು ವಾರವಾದರೂ ಇರಲಿ, ನೀವು ನೆಚ್ಚಿಕೊಂಡ ದಾಖಲೆಗಳ ಪ್ರತಿಯೂ ಜೊತೆಗಿರಲಿ.

ಪತ್ರ ಕೊಟ್ಟರೆ ತೆಗೆದುಕೊಳ್ಳುವುದೇ ಇಲ್ಲ. ಏನು ಮಾಡುವುದು?

ಇಬ್ಬರು ಸಾಕ್ಷಿಗಳ ಮುಂದೆ ಓದಿ ಹೇಳಿ, ನಿರಾಕರಿಸಿದರೆಂದು ಬರೆದು ಅವರಿಂದ ಸಹಿ ಹಾಕಿಸಿ. ಅದೇ ದಿನ ಮನೆಯ ವಿಳಾಸಕ್ಕೆ ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿ ರಸೀದಿ ಇಟ್ಟುಕೊಳ್ಳಿ. ಮರಳಿ ಬಂದ ಲಕೋಟೆಯನ್ನು ಒಡೆಯಬೇಡಿ. ಅಂಚೆಯವರ ಷರಾ ಇರುವ ಆ ಮುಚ್ಚಿದ ಲಕೋಟೆಯೇ ನಿಮ್ಮ ಸಾಕ್ಷ್ಯ.

## ವಿಚಾರಣೆಯ ಕೋಣೆ

ನಾನೇ ವಿಚಾರಣೆ ನಡೆಸಿದರೆ ಆಗದೇ? ಹೊರಗಿನವರಿಗೆ ಏಕೆ ಶುಲ್ಕ ಕೊಡುವುದು?

ನೀವೇ ದೂರುದಾರ, ನೀವೇ ಸಾಕ್ಷಿ, ನೀವೇ ನ್ಯಾಯಾಧೀಶ ಆಗಲಾಗದು. ಘಟನೆಯನ್ನು ಕಂಡವರು, ಅದರ ಬಗ್ಗೆ ಈಗಾಗಲೇ ಅಭಿಪ್ರಾಯ ಬರೆದವರು ವಿಚಾರಣಾಧಿಕಾರಿ ಆಗಬಾರದು. ನಿಮ್ಮದೇ ಸಂಸ್ಥೆಯ ಬೇರೆ ವಿಭಾಗದ ಹಿರಿಯರೊಬ್ಬರು ನಡೆಸಬಹುದು, ಹೊರಗಿನವರೇ ಆಗಬೇಕೆಂದಿಲ್ಲ.

ವಿಚಾರಣೆಯ ದಿನ ಏನೇನು ನಡೆಯಬೇಕು?

1963ರ ಸುರ್ ಎನಾಮೆಲ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದನ್ನು ನಾನು ಇಂದಿಗೂ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದುಕೊಂಡು ಹೋಗುತ್ತೇನೆ. ಆರೋಪವೇನೆಂದು ನೌಕರನಿಗೆ ಸ್ಪಷ್ಟವಾಗಿ ತಿಳಿದಿರಬೇಕು. ಸಾಕ್ಷಿಗಳು ಆತನ ಎದುರಿಗೇ ಹೇಳಬೇಕು, ಆತನಿಗೆ ಪಾಟಿ ಸವಾಲಿನ ಅವಕಾಶ ಸಿಗಬೇಕು. ತನ್ನ ಸಾಕ್ಷಿಗಳನ್ನು ಕರೆಸಲು, ತಾನೂ ಹೇಳಲು ಬಿಡಬೇಕು. ವಿಚಾರಣಾಧಿಕಾರಿ ಕಾರಣಗಳನ್ನು ಕೊಟ್ಟು ನಿರ್ಣಯ ಬರೆಯಬೇಕು.

ಕ್ರಮವೂ ಮುಖ್ಯ. ಆಡಳಿತದ ಸಾಕ್ಷಿಗಳು ಮೊದಲು, ನೌಕರ ಆಮೇಲೆ. ಅವನನ್ನೇ ಮೊದಲು ಕೂರಿಸಿ ‘ಕದ್ದೆಯೋ ಇಲ್ಲವೋ’ ಎಂದು ಜಬರಿಸುವುದು ವಿಚಾರಣೆಯಲ್ಲ. ಪ್ರತಿ ಪುಟಕ್ಕೂ ಎಲ್ಲರ ಸಹಿ ಆ ದಿನವೇ ಬೀಳಲಿ. ಅನುಮಾನಕ್ಕೆ ಎಡೆಯೇ ಇಲ್ಲದಂತೆ ಸಾಬೀತುಪಡಿಸುವುದು ಕ್ರಿಮಿನಲ್ ನ್ಯಾಯಾಲಯದ ಅಳತೆ. ಇಲ್ಲಿ ಯಾವುದು ಹೆಚ್ಚು ಸಂಭವನೀಯ ಎಂಬುದೇ ಅಳತೆ. ಹಾಗೆಂದು ಬರೀ ಅನುಮಾನವೇ ಸಾಕ್ಷ್ಯವಾಗಿಬಿಡುವುದಿಲ್ಲ.

ವಕೀಲರನ್ನು ಕರೆತರುತ್ತೇನೆ ಎನ್ನುತ್ತಾನೆ. ಬಿಡಬೇಕೇ?

ಸಹೋದ್ಯೋಗಿಯನ್ನೋ ಸಂಘದ ಪದಾಧಿಕಾರಿಯನ್ನೋ ಕರೆತರಲು ಬಿಡಿ. ವಕೀಲರ ಹಕ್ಕು ಸಾಮಾನ್ಯವಾಗಿ ಇಲ್ಲ. ಆದರೆ ನಿಮ್ಮ ಪರವಾಗಿ ಮಂಡಿಸುವವರು ಕಾನೂನು ಓದಿದವರಾಗಿದ್ದರೆ ಅವನಿಗೂ ವಕೀಲರ ಅವಕಾಶ ಕೊಡಬೇಕಾಗುತ್ತದೆ. ಕುಸ್ತಿಯಲ್ಲಿ ಒಬ್ಬನಿಗೆ ಮಾತ್ರ ಎಣ್ಣೆ ಹಚ್ಚುವಂತಿಲ್ಲ.

ಹೇಳದೆ ಕೇಳದೆ ಹತ್ತು ದಿನ ನಾಪತ್ತೆ. ಹೆಸರು ಹೊಡೆದುಹಾಕಿದರೆ ಆಯಿತಲ್ಲ?

ಹಾಜರಿ ಪುಸ್ತಕದಲ್ಲಿ ಕೆಂಪು ಗೆರೆ ಎಳೆಯುವುದು ಸುಲಭ. ಆದರೆ ಎಂಟು ದಿನಕ್ಕಿಂತ ಹೆಚ್ಚು ಗೈರಾದರೆ ಕೆಲಸ ತಾನಾಗಿ ಹೋಗುತ್ತದೆ ಎಂಬ ಸ್ಥಾಯಿ ಆದೇಶವನ್ನು ನಂಬಿ ಹೆಸರು ತೆಗೆದ ಕಾರ್ಖಾನೆಯೊಂದರ ಕ್ರಮವನ್ನು ಸುಪ್ರೀಂ ಕೋರ್ಟ್ 1993ರಲ್ಲಿ ಒಪ್ಪಲಿಲ್ಲ. ಗೇಟಿನಲ್ಲೇ ತಡೆದರು, ಒಳಗೆ ಬಿಡಲಿಲ್ಲ ಎಂಬುದು ಆ ಕಾರ್ಮಿಕನ ವಾದವಾಗಿತ್ತು, ಅದನ್ನು ಯಾರೂ ಕೇಳಿಯೇ ಇರಲಿಲ್ಲ. ಕೆಲಸಕ್ಕೆ ಹಾಜರಾಗಿ ಎಂದು ಕೊನೆಯ ವಿಳಾಸಕ್ಕೆ ಪತ್ರ ಹಾಕಿ. ಬಾರದಿದ್ದರೆ ಆರೋಪಪಟ್ಟಿ, ವಿಚಾರಣೆಯ ನೋಟಿಸ್. ಆಮೇಲೂ ಬಾರದಿದ್ದರೆ ಏಕಪಕ್ಷೀಯವಾಗಿ ನಡೆಸಿ, ಆಗಲೂ ಸಾಕ್ಷಿಗಳ ಹೇಳಿಕೆ ದಾಖಲಿಸಿ. ಊರಲ್ಲಿ ಆಸ್ಪತ್ರೆ ಸೇರಿದವರನ್ನು ‘ಪರಾರಿ’ ಎಂದು ಬರೆದ ಕಡತ ನಾನು ನೋಡಿದ್ದೇನೆ.

ಪೊಲೀಸ್ ಕೇಸ್ ಹಾಕಿದ್ದೇವೆ. ಅದು ಮುಗಿಯುವವರೆಗೂ ಕಾಯಬೇಕೇ?

ಕಾಯಬೇಕಾಗಿಲ್ಲ, ಎರಡೂ ಜೊತೆಜೊತೆಗೆ ನಡೆಯಬಹುದು. ಆರೋಪ ಗಂಭೀರವಾಗಿದ್ದು, ಕಾನೂನಿನ ತೊಡಕು ಪ್ರಶ್ನೆಗಳಿದ್ದು, ಎರಡೂ ಕಡೆ ಸಂಗತಿಗಳು ಒಂದೇ ಆಗಿದ್ದರೆ ಮಾತ್ರ ತಡೆಹಿಡಿಯುವುದು ಲೇಸು. ಪೊಲೀಸರು ಬರೆಸಿಕೊಂಡ ತಪ್ಪೊಪ್ಪಿಗೆಯೊಂದನ್ನೇ ನೆಚ್ಚಿ ವಿಚಾರಣೆ ಮುಗಿಸಬೇಡಿ.

ಮಹಿಳಾ ಉದ್ಯೋಗಿಯೊಬ್ಬರು ಲೈಂಗಿಕ ಕಿರುಕುಳದ ದೂರು ಕೊಟ್ಟಿದ್ದಾರೆ. ಇದೇ ವಿಚಾರಣೆ ಸಾಕೇ?

ಸಾಲದು. ಹತ್ತು ಅಥವಾ ಹೆಚ್ಚು ಉದ್ಯೋಗಿಗಳಿರುವ ಕಡೆ 2013ರ ಕಾಯಿದೆಯಂತೆ ಆಂತರಿಕ ಸಮಿತಿ ಇರಲೇಬೇಕು. ಅಧ್ಯಕ್ಷೆ ಹಿರಿಯ ಮಹಿಳೆ, ಸದಸ್ಯರಲ್ಲಿ ಕನಿಷ್ಠ ಅರ್ಧದಷ್ಟು ಮಹಿಳೆಯರು, ಹೊರಗಿನ ಸದಸ್ಯರೊಬ್ಬರು. ದೂರು ಕೊಡಲು ಘಟನೆಯಿಂದ ಮೂರು ತಿಂಗಳ ಅವಧಿ, ಸಮಿತಿ ಒಪ್ಪಿದರೆ ಇನ್ನೂ ಮೂರು. ವಿಚಾರಣೆ 90 ದಿನಗಳಲ್ಲಿ ಮುಗಿಯಬೇಕು, ವರದಿಯ ಮೇಲೆ ನೀವು 60 ದಿನಗಳಲ್ಲಿ ಕ್ರಮ ಕೈಗೊಳ್ಳಬೇಕು. ದೂರು ಬಂದ ಮೇಲೆ ಸಮಿತಿ ಕಟ್ಟಲು ಓಡಾಡುವವರೇ ಹೆಚ್ಚು. ಹೆಸರುಗಳನ್ನು ಹೊರಗೆ ಬಿಡುವಂತಿಲ್ಲ, ಕ್ಯಾಂಟೀನಿನಲ್ಲೂ ಸಹ.

## ಶಿಕ್ಷೆ

ತಪ್ಪು ಸಾಬೀತಾಗಿದೆ. ವಜಾ ಮಾಡಿದರೆ ನಿಲ್ಲುತ್ತದೆಯೇ?

ತಪ್ಪಿನ ತೂಕ, ಹಿಂದಿನ ದಾಖಲೆ, ಆ ಹೊತ್ತಿನ ಸಂದರ್ಭ ಮೂರನ್ನೂ ನೋಡಿದ್ದೀರಿ ಎಂಬುದು ಆದೇಶದಲ್ಲಿ ಕಾಣಬೇಕು. ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ ಬಿಟ್ಟರೆ ಅದನ್ನು ಇಳಿಸುವ ಅಧಿಕಾರ ನ್ಯಾಯಮಂಡಳಿಗಿದೆ. ಹದಿನಾಲ್ಕು ವರ್ಷ ಕಪ್ಪುಚುಕ್ಕೆಯಿಲ್ಲದೆ ದುಡಿದವನೊಬ್ಬ ಒಮ್ಮೆ ಬಾಯಿಜಾರಿ ಆಡಿದ ಮಾತಿಗೆ ವಜಾ ಹೆಚ್ಚಾಯಿತು, ವೇತನ ಬಡ್ತಿ ತಡೆದರೆ ಸಾಕು ಎಂದು 1982ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅದೇ ಕೋರ್ಟ್ 2005ರಲ್ಲಿ ಭಾರತ್ ಫೋರ್ಜ್‌ನ ಕಾರ್ಮಿಕನೊಬ್ಬ ಹಗಲು ಪಾಳಿಯಲ್ಲಿ ಮಲಗಿದ್ದಕ್ಕೆ ವಜಾ ಸರಿ ಎಂದಿತು, ಏಕೆಂದರೆ ಅದು ಆತನ ಮೊದಲ ತಪ್ಪಾಗಿರಲಿಲ್ಲ, ಹಿಂದೆ ಮೂರು ಸಲ ತಪ್ಪಿ ಸಣ್ಣ ಶಿಕ್ಷೆಯಲ್ಲಿ ಪಾರಾಗಿದ್ದ.

ಹಣದ ವಿಷಯಕ್ಕೆ ಅಳತೆಗೋಲು ಬೇರೆ. ನಮ್ಮ ವಾಯವ್ಯ ಸಾರಿಗೆಯ ನಿರ್ವಾಹಕರೊಬ್ಬರ ಚೀಲದಲ್ಲಿ ಲೆಕ್ಕಕ್ಕೆ ಸಿಗದ 93 ರೂಪಾಯಿ ಹೆಚ್ಚಿಗೆ ಸಿಕ್ಕಿತ್ತು. ಮೊತ್ತ ಎಷ್ಟೆಂಬುದಲ್ಲ, ನಂಬಿಕೆ ಹೋಯಿತೇ ಎಂಬುದು ಮುಖ್ಯ ಎಂದು 2005ರಲ್ಲಿ ಅವರ ವಜಾವನ್ನು ಎತ್ತಿಹಿಡಿಯಲಾಯಿತು. ನನಗೆ ವೈಯಕ್ತಿಕವಾಗಿ ಆ ತೀರ್ಪು ಕಠಿಣ ಅನಿಸುತ್ತದೆ. ಆದರೆ ಗಲ್ಲಾಪೆಟ್ಟಿಗೆ ನೋಡಿಕೊಳ್ಳುವವರ ಮಟ್ಟಿಗೆ ಕಾನೂನು ಇರುವುದು ಹಾಗೆಯೇ. ಇನ್ನು ಒಂದೇ ಜಗಳದಲ್ಲಿ ಇಬ್ಬರಿದ್ದು, ಒಬ್ಬನಿಗೆ ಎಚ್ಚರಿಕೆ, ಇನ್ನೊಬ್ಬನಿಗೆ ವಜಾ ಎಂದಾದರೆ ಕಾರಣ ಬರೆದಿರಲೇಬೇಕು.

ವರದಿ ಬಂದ ಮೇಲೆ ನೇರವಾಗಿ ಆದೇಶ ಹೊರಡಿಸಬಹುದೇ?

ಇಲ್ಲ. ವಿಚಾರಣಾ ವರದಿಯ ಪ್ರತಿಯನ್ನು ನೌಕರನಿಗೆ ಕೊಟ್ಟು ಅವನ ಅಭಿಪ್ರಾಯ ಕೇಳಬೇಕು. ಇದನ್ನು 1993ರ ಇಸಿಐಎಲ್ ತೀರ್ಪು ಇತ್ಯರ್ಥಗೊಳಿಸಿದೆ. ಆ ಉತ್ತರವನ್ನು ಓದಿದ್ದೀರಿ ಎಂಬುದಕ್ಕೆ ಆದೇಶದಲ್ಲಿ ಎರಡು ವಾಕ್ಯವಾದರೂ ಬೇಕು. ಒಮ್ಮೆ ಒಂದು ಕಡತದಲ್ಲಿ ವಿಚಾರಣಾ ವರದಿಯ ದಿನಾಂಕ 17, ವಜಾ ಆದೇಶದ ದಿನಾಂಕ 14. ಗುಮಾಸ್ತರ ಕೈತಪ್ಪು ಎಂದರು ಮಾಲೀಕರು. ಎದುರು ವಕೀಲರು ಪಾಟಿ ಸವಾಲಿನಲ್ಲಿ ಕೇಳಿದ್ದು ಆ ಒಂದೇ ಪ್ರಶ್ನೆ.

ರಾಜೀನಾಮೆ ಬರೆಸಿಕೊಂಡರೆ ಇಷ್ಟೆಲ್ಲ ತಾಪತ್ರಯ ಇಲ್ಲವಲ್ಲ?

ಸಾಫ್ಟ್‌ವೇರ್ ಕಂಪನಿಗಳಿಂದ ಬೇಕರಿಗಳವರೆಗೆ ಎಲ್ಲರಿಗೂ ಪ್ರಿಯವಾದ ದಾರಿ ಇದು. ಕೋಣೆಯಲ್ಲಿ ಕೂರಿಸಿ, ಮೊಬೈಲ್ ಕಿತ್ತುಕೊಂಡು, ‘ಬರೆಯದಿದ್ದರೆ ಪೊಲೀಸ್’ ಎಂದು ಬರೆಸಿಕೊಂಡದ್ದು ರಾಜೀನಾಮೆ ಆಗುವುದಿಲ್ಲ. ಒತ್ತಾಯ ಸಾಬೀತಾದರೆ ಅದು ವಿಚಾರಣೆಯಿಲ್ಲದ ವಜಾ. ನೌಕರರೇ ಮನಸ್ಸು ಮಾಡಿ ಹೋಗುವುದಾದರೆ ಎರಡು ದಿನ ಯೋಚಿಸಲು ಕೊಡಿ, ಮನೆಗೆ ಹೋಗಿ ಬರೆದು ತರಲಿ.

ಪ್ರೊಬೇಷನ್‌ನಲ್ಲಿದ್ದಾನೆ. ಅವನಿಗೂ ವಿಚಾರಣೆಯೇ?

ಕೆಲಸ ತೃಪ್ತಿಕರವಾಗಿಲ್ಲ ಎಂದು ನೇಮಕಾತಿ ಪತ್ರದ ಷರತ್ತಿನಂತೆ ಬಿಡುಗಡೆ ಮಾಡಬಹುದು. ಪತ್ರದಲ್ಲಿ ‘ಕಳ್ಳ’, ‘ಅಪ್ರಾಮಾಣಿಕ’ ಎಂದು ಕಳಂಕ ಹಚ್ಚಿದರೆ ಮಾತ್ರ ವಿಚಾರಣೆ ಬೇಕಾಗುತ್ತದೆ.

## ಆದೇಶದ ನಂತರ

ವಜಾ ಆದವನಿಗೆ ಏನೇನು ಕೊಡಬೇಕು? ಎಲ್ಲವನ್ನೂ ತಡೆಹಿಡಿಯಬಹುದೇ?

ದುಡಿದ ದಿನಗಳ ವೇತನ ಕೊಡಲೇಬೇಕು, ವೇತನ ಸಂಹಿತೆಯಂತೆ ಎರಡು ಕೆಲಸದ ದಿನಗಳೊಳಗೆ. ಭವಿಷ್ಯನಿಧಿಗೆ ನೀವು ಕೈಹಾಕುವಂತಿಲ್ಲ. ಗ್ರಾಚ್ಯುಟಿಯನ್ನು ಆತನಿಂದಾದ ನಷ್ಟದ ಮೊತ್ತದಷ್ಟು ಹಿಡಿಯಬಹುದು. ಹಿಂಸಾಚಾರ, ದೊಂಬಿ, ಅಥವಾ ಕೆಲಸದ ಅವಧಿಯಲ್ಲಿ ಎಸಗಿದ ನೈತಿಕ ಅಧಃಪತನದ ಅಪರಾಧಕ್ಕಾಗಿ ವಜಾ ಆಗಿದ್ದರೆ ಪೂರ್ತಿಯಾಗಿಯೂ ಹಿಡಿಯಬಹುದು. ಇದಕ್ಕೆ ಕ್ರಿಮಿನಲ್ ಶಿಕ್ಷೆಯೇ ಆಗಿರಬೇಕೆಂದಿಲ್ಲ ಎಂದು 2025ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹಾಗೆ ಹಿಡಿಯುವ ಮೊದಲು ನೋಟಿಸ್ ಕೊಟ್ಟು ಕೇಳಿ. ಅಂಕಪಟ್ಟಿಗಳ ಮೂಲ ಪ್ರತಿ ನಿಮ್ಮ ಬೀರುವಿನಲ್ಲಿದ್ದರೆ ಇಂದೇ ಮರಳಿಸಿ. ಅವನ್ನು ಇಟ್ಟುಕೊಂಡದ್ದೇ ತಪ್ಪು.

ವಿಚಾರಣೆಯನ್ನೇ ಮಾಡದೆ ತೆಗೆದುಬಿಟ್ಟಿದ್ದೇನೆ. ಈಗ ನೋಟಿಸ್ ಬಂದಿದೆ. ಸೋತಂತೆಯೇ?

ಇನ್ನೂ ಒಂದು ಬಾಗಿಲು ತೆರೆದಿದೆ. ವಿಚಾರಣೆ ನಡೆಯದಿದ್ದರೂ, ದೋಷವಿದ್ದರೂ, ದುರ್ನಡತೆಯನ್ನು ನ್ಯಾಯಾಲಯದ ಮುಂದೆ ಸಾಕ್ಷ್ಯ ಕೊಟ್ಟು ಸಾಬೀತುಪಡಿಸಬಹುದು ಎಂದು 1973ರ ಫೈರ್‌ಸ್ಟೋನ್ ತೀರ್ಪು ಹೇಳುತ್ತದೆ. ಆದರೆ ಆ ಅವಕಾಶವನ್ನು ನಿಮ್ಮ ಮೊದಲ ಲಿಖಿತ ಹೇಳಿಕೆಯಲ್ಲೇ ಕೇಳಿಕೊಳ್ಳಿ. ಇದು ನಮ್ಮದೇ ರಸ್ತೆ ಸಾರಿಗೆ ನಿಗಮದ ಪ್ರಕರಣದಲ್ಲಿ 2001ರಲ್ಲಿ ಸಂವಿಧಾನ ಪೀಠ ಹೇಳಿದ ಮಾತು. ವಿವಾದ ಹುಟ್ಟಿ ಎರಡು ವರ್ಷ ದಾಟಿದ್ದರೆ, ರಾಜಿ ಮಾಡಿಸಲು ಸರ್ಕಾರ ನೇಮಿಸಿದ ಸಂಧಾನಾಧಿಕಾರಿ ಅದನ್ನು ಕೈಗೆತ್ತಿಕೊಳ್ಳುವಂತಿಲ್ಲ, ಆ ದಿನಾಂಕವನ್ನೂ ನೋಡಿ.

ಸೋತರೆ ಬಾಕಿ ವೇತನದೊಂದಿಗೆ ಮರಳಿ ತೆಗೆದುಕೊಳ್ಳುವುದೇ ಸಾಮಾನ್ಯ ನಿಯಮ ಎಂದು 2013ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆ ನಡುವೆ ಬೇರೆಡೆ ದುಡಿಯುತ್ತಿದ್ದನೆಂದು ನೀವು ತೋರಿಸಬಲ್ಲಿರಾದರೆ ಮಾತು ಬೇರೆ. ಸಂಧಾನಾಧಿಕಾರಿಯ ಮುಂದೆ ನಿಮ್ಮ ತಪ್ಪು ನಿಮಗೇ ಕಂಡರೆ ರಾಜಿಯಾಗಿ. ಹಟದಿಂದ ಹೈಕೋರ್ಟಿನವರೆಗೆ ಹೋದವರು ವಕೀಲರ ಶುಲ್ಕವನ್ನೂ ಬಾಕಿ ವೇತನವನ್ನೂ ಎರಡು ಕೈಯಲ್ಲಿ ಎಣಿಸಿದ್ದನ್ನು ಕಂಡಿದ್ದೇನೆ.

ಬೇರೆ ಕಂಪನಿಯವರು ಫೋನ್ ಮಾಡಿ ‘ಅವನು ಹೇಗೆ?’ ಎಂದು ಕೇಳಿದರೆ ಏನು ಹೇಳಲಿ?

ಸೇರಿದ ದಿನ, ಬಿಟ್ಟ ದಿನ, ಮಾಡುತ್ತಿದ್ದ ಕೆಲಸ. ಹೆಚ್ಚಿಗೆ ಬೇಕಾದರೆ ಪತ್ರ ಬರೆದು ಕೇಳಲಿ, ನೀವೂ ದಾಖಲೆಯಲ್ಲಿ ಇದ್ದಷ್ಟನ್ನೇ ಪತ್ರದಲ್ಲಿ ಬರೆಯಿರಿ.